ದಾನದ ರಗ್ಗು

“ಮೂಗು ಸತ್ತೋಗಿದ್ಯೇನೇ ನಿಂಗೆ? ಮೂಸು. ಇನ್ನೂ ಹತ್ರ ಹಿಡ್ಕೊಂಡು ಮೂಸು.”

ಅಮ್ಮಾವ್ರು ಚರ್ಮದ ಬ್ಯಾಗನ್ನು ಅವಳ ಮುಖಕ್ಕೆ ಒತ್ತಿಯೇಬಿಟ್ಟರು. ಕಂದು ಬಣ್ಣದ ಬ್ಯಾಗು, ಹಿಡಿಕೆಯ ಬುಡದಲ್ಲಿ ಹೊಳೆಯುವ ಕೊಂಡಿ, ಮಡಿಕೆಗಳಲ್ಲೆಲ್ಲ ಬಿಳಿ ಬೂಷ್ಟು. ಅವಳು ಮೂಸಿದಳು. ವಾಸನೆ ಬಂತೆಂದು ತಲೆಯಾಡಿಸಿದಳು. ಆ ಒಂದು ಬ್ಯಾಗಿನ ಬೆಲೆಯಲ್ಲಿ ಅವಳಂಥವಳನ್ನು ವರ್ಷವಿಡೀ ಕೆಲಸಕ್ಕೆ ಇಟ್ಟುಕೊಳ್ಳಬಹುದಿತ್ತು. ಅಷ್ಟು ದುಬಾರಿ ವಸ್ತುವನ್ನು ಅಷ್ಟು ಹತ್ತಿರದಿಂದ ಮೂಸುವ ಭಾಗ್ಯ ಎಲ್ಲರಿಗೂ ಸಿಗುವಂಥದ್ದಲ್ಲ.

“ನೀನೇ ಒದ್ದೆ ಮೈಯಲ್ಲಿ ಒಳಗೆ ಹೋಗಿರ್ತೀಯ. ನಿನ್ನ ಬೆವರಿಂದಾನೇ ಬೂಷ್ಟು ಬಂದಿರೋದು. ದರಿದ್ರ ಮುಂಡೇದು, ಎಷ್ಟು ಸಲ ಬಡ್ಕೊಂಡಿದೀನಿ, ಮೈ ಒರೆಸ್ಕೊಂಡು ಹೋಗು ಅಂತ.”

ಬಡ್ಕೊಂಡಿದ್ದರು, ನಿಜ. ಬ್ಯಾಗುಗಳ ಕೋಣೆಗೆ ಕಾಲಿಡುವ ಮೊದಲು ಕೈ, ಕತ್ತು, ಮುಖ ಒರೆಸಿಕೊಳ್ಳಬೇಕು. ಒಳಗೆ ನಿಂತು ಮಾತಾಡಬಾರದು, ಏಕೆಂದರೆ ಉಸಿರಿನಲ್ಲೂ ನೀರಿನ ಪಸೆಯಿರುತ್ತದೆ. ಗೋಡೆಯೇ ಬೆವರುವ ಊರು ಅದು. ಉಪ್ಪು ಡಬ್ಬಿಯಲ್ಲೇ ನೀರಾಗುತ್ತಿತ್ತು, ಬೆಂಕಿಕಡ್ಡಿ ಗೀರಿದರೆ ಹತ್ತುತ್ತಿರಲಿಲ್ಲ, ಒಗೆದ ಬಟ್ಟೆ ಹಗ್ಗದ ಮೇಲೆಯೇ ಮುಗ್ಗಲು ನಾತ ಹೊಡೆಯುತ್ತಿತ್ತು. ಅಂಥಲ್ಲಿ ಬ್ಯಾಗುಗಳಿಗೆ ಸೆಕೆಯಾಗಬಾರದೆಂದು ಅವಕ್ಕೇ ಒಂದು ಕೋಣೆ, ಆ ಕೋಣೆಗೆ ಹಗಲೂ ರಾತ್ರಿ ಓಡುವ ಒಂದು ಎಸಿ. ಮನುಷ್ಯರಿಗಾದರೆ ದೇವರು ಬೆವರು ಅಂತ ಒಂದು ಕೊಟ್ಟು ಕೈತೊಳೆದುಕೊಂಡಿದ್ದಾನೆ. ಚರ್ಮದ ಬ್ಯಾಗಿಗೆ ಪಾಪ, ಬೆವರುವುದಕ್ಕೆ ಬರುವುದಿಲ್ಲ.

ಆ ಎಸಿಯ ಆರೈಕೆಯೂ ಅಂತಿಂಥದ್ದಲ್ಲ. ವಾರಕ್ಕೊಮ್ಮೆ ಜಾಲರಿ ಬಿಚ್ಚಿ ತೊಳೆಯುವವಳು ಅವಳೇ, ಏಕೆಂದರೆ ಅದಕ್ಕೆ ಕಂಪನಿಯವನನ್ನು ಕರೆದರೆ ದುಡ್ಡು ಕೇಳುತ್ತಾನೆ. ನೀರು ಹೋಗುವ ಪೈಪಿನಲ್ಲಿ ಲೋಳೆ ಕಟ್ಟಿದರೆ ಬಾಯಿಟ್ಟು ಊದುವವಳೂ ಅವಳೇ. ಅದರಿಂದ ತೊಟ್ಟಿಕ್ಕಿದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಬೇಕು, ನೀರು ಪೋಲು ಮಾಡುವುದು ಪಾಪ. ಇಷ್ಟಾದ ಮೇಲೂ ಕಂಪನಿಯವರು ಬಂದು ಅದಕ್ಕೆ ಗ್ಯಾಸು ಹೋಗಿದೆ, ಇದಕ್ಕೆ ತುಕ್ಕು ಹಿಡಿದಿದೆ ಎಂದು ಯಜಮಾನರ ಕೈಯಿಂದ ದುಡ್ಡು ಬಿಚ್ಚಿಸುತ್ತಿದ್ದರು. ಕಳೆದ ಬೇಸಗೆಯಲ್ಲಿ ಕರೆಂಟು ಬಿಲ್ಲು ನೋಡಿದ ಯಜಮಾನರು, ಈ ಮನೆಯಲ್ಲಿ ಯಾರಿಗೂ ಜವಾಬ್ದಾರಿಯಿಲ್ಲ ಎಂದು ಕೂಗಾಡಿ, ಅಡುಗೆಮನೆಯ ಫ್ಯಾನು ಕೀಳಿಸಿದರು.

ಅವಳ ಹೆಸರು ಅಮ್ಮಾವ್ರಿಗೆ ಬೇಕಾಗಿರಲಿಲ್ಲ. “ಏ ಹುಡುಗಿ” ಎಂದರೆ ಸಾಕು, ನಲವತ್ತು ದಾಟಿದ ಹುಡುಗಿ ಓಡಿ ಬರುತ್ತಿದ್ದಳು. ಆದರೆ ಬಾವಿಯಲ್ಲಿ ಅವಳಿಗೊಂದು ಹೆಸರಿತ್ತು. ಐದರಕ್ಕ.

ಬಾವಿಯೆಂದರೆ ನೀರಿನ ಬಾವಿಯಲ್ಲ. ಕಟ್ಟಡದ ನಡುವೆ ತಳದಿಂದ ತಾರಸಿಯವರೆಗೆ ಬಿಟ್ಟ ಸಂದಿ ಅದು, ಪೈಪುಗಳಿಗೆಂದು ಬಿಟ್ಟದ್ದು, ಮನೆಯವರ ಬಾಯಲ್ಲಿ ಡಕ್ಟು. ಮುಂದಿನ ಗೋಡೆಯ ಮೇಲೆ ಎಸಿಯ ಪೆಟ್ಟಿಗೆಗಳು ಕಂಡರೆ ಕಟ್ಟಡದ ಅಂದಗೆಡುತ್ತದೆಂದು ನಿವಾಸಿಗಳ ಸಂಘ ತೀರ್ಮಾನ ಮಾಡಿ, ಎಲ್ಲರ ಪೆಟ್ಟಿಗೆಗಳನ್ನೂ ಆ ಸಂದಿಯೊಳಗೆ ತುಂಬಿಸಿತು. ಒಂದೊಂದು ಮನೆಯ ಕೋಣೆಗಳಿಂದ ಹೀರಿದ ಸೆಕೆಯನ್ನೆಲ್ಲ ಆ ಪೆಟ್ಟಿಗೆಗಳು ಹಗಲಿರುಳು ಅಲ್ಲಿ ಕಾರುತ್ತಿದ್ದವು. ಆ ಸಂದಿಗೆ ತೆರೆದುಕೊಳ್ಳುವ ಕಿಟಕಿ ಇದ್ದದ್ದು ಮನೆಗೊಂದರಂತೆ ಸ್ಟೋರ್ ರೂಮಿಗೆ ಮಾತ್ರ. ಸ್ಟೋರ್ ರೂಮಿನಲ್ಲಿ ಇರುತ್ತಿದ್ದವರು ಕೆಲಸದವರು. ಹಾಗಾಗಿ ಯಾರಿಗೂ ತೊಂದರೆಯಾಗಲಿಲ್ಲ.

ಆ ಕಿಟಕಿಗಳಲ್ಲಿ ನಿಂತು ಕೆಲಸದ ಹೆಂಗಸರು ಮಾತಾಡುತ್ತಿದ್ದರು. ಪೂರ್ತಿ ಮುಖ ಕಂಡವರು ಕಡಿಮೆ, ದನಿ ಮತ್ತು ಅಂತಸ್ತೇ ಗುರುತು. ಆರರವಳು, ಏಳರವಳು, ನಾಲ್ಕರಜ್ಜಿ. ಯಾರ ಮನೆಯಲ್ಲಿ ಯಾರಿಗೆ ಏಟು ಬಿತ್ತು, ಯಾರ ಅಮ್ಮಾವ್ರು ಗಂಡನ ಜೊತೆ ಮಾತು ಬಿಟ್ಟರು, ಎಲ್ಲ ಅಲ್ಲಿ ಬಿತ್ತರವಾಗುತ್ತಿತ್ತು. ಇನ್ನೊಂದು ಲಾಭವೂ ಇತ್ತು. ಪೆಟ್ಟಿಗೆಗಳಿಂದ ಬರುವ ಬಿಸಿಗಾಳಿಗೆ ಬಟ್ಟೆ ಹಿಡಿದರೆ ಹಪ್ಪಳದ ಹಾಗೆ ಒಣಗುತ್ತಿತ್ತು. ಇಡೀ ಊರಿನಲ್ಲಿ ಮುಗ್ಗಲು ಹಿಡಿಯದ ಬಟ್ಟೆ ತೊಡುತ್ತಿದ್ದವರು ಆ ಬಾವಿಯ ಹೆಂಗಸರು ಮಾತ್ರ. ಸುಖವೆಂದರೆ ಸುಖವೇ.

ಇನ್ನು ರಗ್ಗಿನ ವಿಷಯ. ವರ್ಷಕ್ಕೊಮ್ಮೆ ಸಂಘದವರು ಕೆಳಗಿನ ಹಾಲಿನಲ್ಲಿ ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿ ದಾನ ಮಾಡುತ್ತಿದ್ದರು. ದಾನಕ್ಕೆ ರಗ್ಗು. ಬಡವರಿಗೆ ರಗ್ಗು ಕೊಡಬೇಕೆಂಬುದನ್ನು ಅವರು ಎಲ್ಲೋ ಕೇಳಿದ್ದರು, ಅಥವಾ ತಾವು ರಗ್ಗು ಹೊದ್ದು ಮಲಗುವವರಾದ್ದರಿಂದ ಎಲ್ಲರಿಗೂ ಚಳಿಯಾಗುತ್ತದೆಂದು ತಿಳಿದಿದ್ದರು. ಗೋಡೆ ಬೆವರುವ ಊರಿನಲ್ಲಿ ಮೊಣಕೈ ದಪ್ಪದ ಉಣ್ಣೆ ರಗ್ಗು ಹಿಡಿದು, ಕ್ಯಾಮೆರಾದ ಕಡೆ ನೋಡಿ ನಗಬೇಕು. ಅದನ್ನು ಮಾರುವಂತಿಲ್ಲ, ಮರುವರ್ಷ ಕೇಳುತ್ತಾರೆ. ಹೊದೆಯುವಂತಿಲ್ಲ, ಸೆಕೆಗೆ ಸಾಯಬೇಕು. ಹಾಗಾಗಿ ಪ್ರತಿ ಸ್ಟೋರ್ ರೂಮಿನಲ್ಲೂ ಒಂದೆರಡು ರಗ್ಗುಗಳು ಮಡಚಿಕೊಂಡು ಬಿದ್ದಿದ್ದವು.

ಬೂಷ್ಟಿಗೆ ಕಾರಣ ಆ ರಗ್ಗೇ.

ನಾಲ್ಕರಜ್ಜಿ ತನ್ನ ರಗ್ಗನ್ನು ಹಾಸಿಗೆ ಮಾಡಿಕೊಂಡಿದ್ದಳು. ನಾಲ್ಕರ ಮನೆಯ ಯಜಮಾನನನ್ನು ಎತ್ತಿ ಆಡಿಸಿದವಳು ಅವಳು, ಅವನ ಮಕ್ಕಳನ್ನೂ. ಈಗ ಎತ್ತುವುದಕ್ಕೆ ಮಕ್ಕಳಿಲ್ಲ, ಕಿಟಕಿಯ ತನಕ ತೆವಳುವುದು ಬಿಟ್ಟರೆ ಅವಳಿಗೂ ಏಳಲಾಗುತ್ತಿರಲಿಲ್ಲ. ಮನೆಯವಳ ಹಾಗೆ ಇಟ್ಟುಕೊಂಡಿದ್ದೇವೆ ಎಂದು ನಾಲ್ಕರವರು ಎಲ್ಲರಿಗೂ ಹೇಳುತ್ತಿದ್ದರು. ಹಳೇ ಸೂಟ್‌ಕೇಸುಗಳ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಉಬ್ಬಸ ಜೋರಾದ ದಿನ ಅಜ್ಜಿಗೆ ಮೈಮೇಲೆ ಗ್ಯಾನವಿರದೆ ರಗ್ಗು ಒದ್ದೆಯಾಯಿತು. ನಾಲ್ಕರವರಿಗೆ ಗೊತ್ತಾದರೆ ಅನಾಥಾಶ್ರಮಕ್ಕೆ ಹಾಕುತ್ತಾರೆಂದು ಅವಳಿಗೆ ಭಯ. ಐದರಕ್ಕ ಹಗ್ಗ ಬಿಟ್ಟು ರಗ್ಗನ್ನು ಮೇಲಕ್ಕೆ ಎಳೆದುಕೊಂಡಳು, ಒಗೆದಳು, ತನ್ನ ಕಿಟಕಿಯ ಕೆಳಗಿದ್ದ ಪೆಟ್ಟಿಗೆಯ ಮೇಲೆ ಒಣಹಾಕಿದಳು. ಅಷ್ಟರಲ್ಲಿ ಒಳಗಿನಿಂದ “ಏ ಹುಡುಗಿ” ಎಂದು ಕರೆ ಬಂತು. ಹೋದಳು. ಬೇರೆ ಬಟ್ಟೆಯಾಗಿದ್ದರೆ ಏನೂ ಆಗುತ್ತಿರಲಿಲ್ಲ. ಇದು ದಾನದ ರಗ್ಗು, ನೀರು ಕುಡಿದು ಎಮ್ಮೆಯ ತೂಕವಾಗಿತ್ತು. ಮೂರು ದಿನವಾದರೂ ಒಣಗದೆ ಅಲ್ಲೇ ಇತ್ತು, ಎಸಿ ತಂಪು ಬಿಟ್ಟು ಬರೀ ಗಾಳಿ ಊದುತ್ತಿದ್ದದ್ದು ಬ್ಯಾಗಿಗೆ ಬೂಷ್ಟು ಬಂದ ಮೇಲೇ ಗೊತ್ತಾಯಿತು.

ಎಸಿಯವನು ಬಂದ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಅಮ್ಮಾವ್ರು ಕೊಟ್ಟ ಪ್ಲಾಸ್ಟಿಕ್ ಚೀಲಗಳನ್ನು ಕಾಲಿಗೆ ತೊಟ್ಟು ಒಳಗೆ ಬಂದ. ಅವನು ಅವಳ ಒಡಹುಟ್ಟಿದ ತಮ್ಮ. ಅದು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಗೊತ್ತಾಗಲೂಬಾರದು. ಕೆಲಸದವರ ನೆಂಟರು ಕಟ್ಟಡದೊಳಗೆ ಕಾಲಿಡಕೂಡದೆಂದು ಸಂಘದ ನಿಯಮ. ಅಂಥವರು ಇಬ್ಬರು ಒಂದೆಡೆ ಸೇರಿದರೆ ಕಳ್ಳತನ ಹುಟ್ಟುತ್ತದೆಂಬುದು ಸೆಕ್ರೆಟರಿಯವರ ಸಂಶೋಧನೆ. ಕಂಪನಿ ಅವನನ್ನು ಇದೇ ಕಟ್ಟಡದ ಕೆಲಸಕ್ಕೆ ಹಾಕಿದ ಮೇಲೆ ಅಕ್ಕತಮ್ಮ ಅಪರಿಚಿತರಾಗುವುದನ್ನು ಕಲಿತರು. “ಸ್ವಲ್ಪ ದಾರಿ ಬಿಡೀಮ್ಮ” ಎನ್ನುತ್ತಿದ್ದ ಅವನು. “ನೆಲ ಗಲೀಜು ಮಾಡ್ಬೇಡಪ್ಪ” ಎನ್ನುತ್ತಿದ್ದಳು ಅವಳು. ಅಷ್ಟರಲ್ಲೇ ಊರಲ್ಲಿ ಅವ್ವ ಹೇಗಿದ್ದಾಳೆಂದು ತಿಳಿದುಕೊಳ್ಳಬೇಕಿತ್ತು.

ಅಮ್ಮಾವ್ರು ಸ್ಟೋರ್ ರೂಮಿನ ತನಕ ಬರುವವರಲ್ಲ. ಅಲ್ಲಿನ ಕಿಟಕಿಯಿಂದ ಬಗ್ಗಿ ನೋಡಿದ ತಮ್ಮ ಹಣೆ ಚಚ್ಚಿಕೊಂಡ.

“ರಗ್ಗು ಹಾಕಿದೀಯಲ್ಲೇ ಅಕ್ಕ ಇದ್ರ ಮೇಲೆ. ಇದು ಹಿಂದಿನಿಂದ ಉಸಿರೆಳ್ಕೊಂಡು ಮುಂದಿನಿಂದ ಬಿಡುತ್ತೆ. ಒದ್ದೆ ರಗ್ಗು ಹಿಂದೆ ಹೋಗಿ ಮೂಗಿಗೇ ಅಂಟ್ಕೊಂಡಿದೆ. ಉಸಿರು ಕಟ್ಟಿ ನಿಂತೋಗಿದೆ ಅಷ್ಟೆ, ಇನ್ನೇನೂ ಆಗಿಲ್ಲ.”

ಹೇಳಬೇಡ ಕಣೋ, ನನ್ನ ಜೊತೆ ಆ ಮುದುಕೀನೂ ಬೀದಿಗೆ ಬೀಳುತ್ತಾಳೆ ಎಂದು ಅವನ ತೋಳು ಹಿಡಿದುಕೊಂಡಳು. ಅವನು ರಗ್ಗನ್ನು ಅವಳ ಮಂಚದಡಿಗೆ ತುರುಕಿದ. ಯಜಮಾನರ ಮುಂದೆ ಹೋಗಿ ನಿಂತು, ಡಕ್ಟಿನಲ್ಲಿ ಪೆಟ್ಟಿಗೆಗಳು ಜಾಸ್ತಿಯಾಗಿ ಬಿಸಿಗೆ ಉಸಿರಾಡಲು ಜಾಗ ಸಾಲುತ್ತಿಲ್ಲ, ಅದಕ್ಕೇ ನಿಂತಿದೆ ಎಂದ. ಅದೂ ಸುಳ್ಳೇನಲ್ಲ.

ಯಜಮಾನರು ಮೊದಲು ಕಂಪನಿಯ ತಾಯಿ ತಂದೆಯರನ್ನೆಲ್ಲ ನೆನೆದರು. ಗ್ಯಾಸು ತುಂಬಿಸಿದ್ದು ಸುಳ್ಳು, ತೊಳೆದದ್ದು ಸುಳ್ಳು, ಕಳ್ಳ ನನ್ಮಕ್ಳು ನೀವು ಎಂದರು. ಆಮೇಲೆ ಬುದ್ಧಿವಂತರಾದ್ದರಿಂದ ಪರಿಹಾರವನ್ನೂ ಕಂಡುಕೊಂಡರು. ಈಗಿರುವುದರ ಜೊತೆಗೆ ಇನ್ನೊಂದು, ಇದಕ್ಕಿಂತ ದೊಡ್ಡದು. ಒಂದು ನಿಂತರೆ ಇನ್ನೊಂದು ಓಡಲಿ, ಬ್ಯಾಗುಗಳ ಕೋಣೆ ಮತ್ತೆಂದೂ ಬಿಸಿಯಾಗಬಾರದು. ಪೆಟ್ಟಿಗೆ ಎಲ್ಲಿಡುವುದೆಂದರೆ, ಡಕ್ಟಿನ ಎದುರು ಗೋಡೆ ಖಾಲಿಯಿದೆಯಲ್ಲ. ಆ ಖಾಲಿ ಗೋಡೆ ಇದ್ದದ್ದು ನಾಲ್ಕರಜ್ಜಿಯ ಕಿಟಕಿಯ ನೆತ್ತಿಗೆ ಎದುರಾಗಿ, ಕೈ ಚಾಚಿದರೆ ತಾಗುವಷ್ಟು ಹತ್ತಿರ. ರಗ್ಗು ಮುಚ್ಚಿಟ್ಟ ಸುಳ್ಳು ಹೀಗೆ ಅಜ್ಜಿಯ ಮುಖಕ್ಕೇ ಬಂದು ನಿಂತಿತು.

“ಸಾರ್, ಅಲ್ಲಿ ಕಿಟಕಿ ಇದೆ” ಎಂದ ತಮ್ಮ. “ಒಳಗೆ ವಯಸ್ಸಾದೋರು ಮಲಗಿರ್ತಾರೆ. ಬಿಸಿ ಎಲ್ಲಾ ಅವ್ರ ಮೇಲೇ ಹೊಡೆಯುತ್ತೆ.”

“ಅದು ಸ್ಟೋರ್ ರೂಮಪ್ಪಾ. ಕಟ್ಟಡದ ನಕ್ಷೇಲಿ ನೋಡ್ಕೊ. ಸ್ಟೋರ್ ರೂಮಲ್ಲಿ ಯಾರಾದ್ರೂ ಮಲಗ್ತಾರಾ?”

ನಕ್ಷೆಯ ಮುಂದೆ ಯಾರ ಮಾತು ನಡೆಯುತ್ತದೆ? ಪೆಟ್ಟಿಗೆ ಕೂರಿಸಲು ತಮ್ಮನೇ ಬರಬೇಕಾಯಿತು. ಸೇಫ್ಟಿ ಬೆಲ್ಟಿಲ್ಲದೆ ಯಾರೂ ಡಕ್ಟಿಗೆ ಇಳಿಯುವಂತಿಲ್ಲ ಎಂದು ಲಿಫ್ಟಿನ ಪಕ್ಕದಲ್ಲಿ ಸೆಕ್ರೆಟರಿಯವರ ಸಹಿಯಿರುವ ನೋಟಿಸು ಅಂಟಿಸಿತ್ತು. ನಿಯಮ ಪಾಲನೆಯಾಯಿತು. ಕಂಪನಿಯಲ್ಲಿದ್ದ ಏಕೈಕ ಬೆಲ್ಟನ್ನು ಅವನು ಸೊಂಟಕ್ಕೆ ಕಟ್ಟಿಕೊಂಡ, ಅದರ ಫೋಟೊ ತೆಗೆದು ಆಫೀಸಿಗೆ ಕಳಿಸಿದ, ಬಿಚ್ಚಿ ಕೊಟ್ಟ. ಬೆಲ್ಟು ಇನ್ನೊಂದು ಕಟ್ಟಡದಲ್ಲಿ ಇನ್ನೊಬ್ಬನ ಫೋಟೊಗೆಂದು ಸ್ಕೂಟರಿನಲ್ಲಿ ಹೊರಟುಹೋಯಿತು. ಇವನು ಬಟ್ಟೆ ಒಣಹಾಕುವ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಇಳಿದ. ಹಗ್ಗದ ಇನ್ನೊಂದು ತುದಿಯನ್ನು ಕಿಟಕಿಯ ಚೌಕಟ್ಟಿಗೆ ಬಿಗಿದು, ಮೇಲೆ ಕೈಯಲ್ಲೂ ಹಿಡಿದು, ಗೋಡೆಗೆ ಕಾಲು ಕೊಟ್ಟು ಕೂತವಳು ಅವಳು. ಅಂಗೈ ಸುಲಿಯುತ್ತಿತ್ತು. ತಮ್ಮನನ್ನೂ ಬಿಡುವಂತಿಲ್ಲ, ಅವನು ಮಾಡುತ್ತಿರುವ ಕೆಲಸವನ್ನೂ ನೋಡುವಂತಿಲ್ಲ. ಅವಳು ಗೋಡೆ ನೋಡುತ್ತ ಕೂತಳು.

ಕೆಳಗಿನಿಂದ ಅಜ್ಜಿಯ ದನಿ ಬಂತು. ಮೊದಲು ಕೆಮ್ಮು, ಆಮೇಲೆ ಮಾತು.

“ಏನಪ್ಪಾ ಅದು, ನನ್ನ ಮುಖಕ್ಕೆ ಕಟ್ತಾ ಇರೋದು?”

“ಎಸಿ ಪೆಟ್ಟಿಗೆ ಅಜ್ಜಿ” ಎಂದ ತಮ್ಮ. ಅವನ ದನಿ ಸಣ್ಣಗಾಗಿತ್ತು.

“ಒಳ್ಳೇದಾಯ್ತು ಬಿಡು. ಸುಡುಗಾಡಿಗೆ ನನ್ನ ಹೊತ್ಕೊಂಡು ಹೋಗೋ ಕೆಲಸ ಉಳೀತು. ಬೋಳಿಮಕ್ಳು ಸುಡುಗಾಡನ್ನೇ ಇಲ್ಲಿಗೆ ತಂದವ್ರೆ.”

ಬಾವಿಯ ತುಂಬ ನಗು ಹರಡಿತು. ಆರರವಳು ನಕ್ಕಳು, ಏಳರವಳು ನಕ್ಕಳು. ತಮ್ಮ ನಗಲಿಲ್ಲ. ಬೋಲ್ಟು ತಿರುವುತ್ತಲೇ ಇದ್ದ.

ಹೊಸ ಪೆಟ್ಟಿಗೆ ಓಡತೊಡಗಿದ ಮೇಲೆ ಬಾವಿಯ ಸೆಕೆ ಬೇರೆಯೇ ಆಯಿತು. ಐದರಕ್ಕನ ಕಿಟಕಿಯ ಕಬ್ಬಿಣದ ಚೌಕಟ್ಟು ಮುಟ್ಟಿದರೆ ಚುರ್ರೆನ್ನುತ್ತಿತ್ತು. ಅವಳಿಗೇ ಹೀಗಾದರೆ ಕೆಳಗಿನವಳ ಗತಿಯೇನು? ಅಜ್ಜಿ ಮಾತು ಕಡಿಮೆ ಮಾಡಿದಳು, ಮಾತಿಗೆ ಉಸಿರು ಬೇಕಲ್ಲ. ದಿನಾ ಮಧ್ಯಾಹ್ನ ಅಮ್ಮಾವ್ರು ಮಲಗಿದ ಮೇಲೆ ಐದರಕ್ಕ ಫ್ರಿಜ್ಜಿನಿಂದ ಐಸು ಕದ್ದು, ಮುಚ್ಚಳದ ಡಬ್ಬಿಗೆ ಹಾಕಿ, ಹಗ್ಗದಲ್ಲಿ ಇಳಿಬಿಡುತ್ತಿದ್ದಳು. ಅಜ್ಜಿ ತಲುಪಿತೆಂದು ಹಗ್ಗ ಜಗ್ಗುತ್ತಿದ್ದಳು. ದಿನ ಕಳೆದಂತೆ ಆ ಜಗ್ಗುವಿಕೆಯೂ ಮೆತ್ತಗಾಯಿತು. ಈ ಮುದುಕಿ ಬೇಸಗೆ ದಾಟುವುದಿಲ್ಲ ಎಂದು ಐದರಕ್ಕನ ಮನಸ್ಸು ಹೇಳತೊಡಗಿತು. ಹೇಳಿದ್ದೇ ತಡ, ಅವಳು ಆವರೆಗೆ ಮಾಡದ ಕೆಲಸವೊಂದನ್ನು ಮಾಡಿದಳು. ಅಮ್ಮಾವ್ರ ಮುಂದೆ ಬಾಯಿ ತೆರೆದಳು.

ಮಧ್ಯಾಹ್ನ ಸ್ವಲ್ಪ ಹೊತ್ತು ಹೊಸ ಎಸಿ ನಿಲ್ಲಿಸಬಹುದಾ ಎಂದು ಕೇಳಿದಳು. ಕೆಳಗಿನ ಅಜ್ಜಿಗೆ ಉಸಿರಾಡಲಾಗುತ್ತಿಲ್ಲ ಎಂದಳು. ಅಮ್ಮಾವ್ರು ಬಯ್ಯಲಿಲ್ಲ, ನಕ್ಕರು.

“ಬ್ಯಾಗುಗಳಿಗೆ ಈಗ ಮಧ್ಯಾಹ್ನ, ಸ್ವಲ್ಪ ತಡ್ಕೊಳ್ಳಿ ಅಂತ ನೀನೇ ಹೋಗಿ ಹೇಳು. ಒಪ್ಕೊಂಡ್ರೆ ನಿಲ್ಲಿಸೋಣ.”

ಅಲ್ಲಿಂದ ಸೆಕ್ರೆಟರಿಯವರ ಹತ್ತಿರ ಹೋದಳು. ನಿವೃತ್ತ ಅಧಿಕಾರಿ, ಮೃದುವಾಗಿ ಮಾತಾಡುವವರು. ಅವಳನ್ನು ಬಾಗಿಲ ಹೊರಗೇ ನಿಲ್ಲಿಸಿಕೊಂಡು ಪೂರ್ತಿ ಕೇಳಿದರು. ತೆರೆದ ಬಾಗಿಲಿನಿಂದ ಬಂದ ತಣ್ಣನೆಯ ಗಾಳಿ ಅವಳ ಕಾಲಿಗೆ ಹಿತವಾಗಿ ತಾಗುತ್ತಿತ್ತು. ಕೇಳಿ ಮುಗಿದ ಮೇಲೆ ಅವರು ವಿಷಾದದಿಂದ ತಲೆಯಾಡಿಸಿದರು. ಸ್ಟೋರ್ ರೂಮಿನಲ್ಲಿ ಜನ ವಾಸವಿರುವುದು ನಿಯಮಕ್ಕೆ ವಿರುದ್ಧ. ಇದ್ದಾರೆಂದು ನೀನು ದೂರು ಕೊಡುವುದಾದರೆ ಎಲ್ಲರನ್ನೂ ಖಾಲಿ ಮಾಡಿಸಬೇಕಾಗುತ್ತದೆ, ನಿನ್ನಿಂದಲೇ ಶುರು. ದೂರು ಕೊಡುತ್ತೀಯೇನಮ್ಮಾ? ಅವಳು ಇಲ್ಲವೆಂದಳು. ಹಾಗಾದರೆ ಯಾರೂ ಇಲ್ಲ ಎಂದಾಯಿತು, ಯಾರಿಗೂ ಸೆಕೆಯಾಗುತ್ತಿಲ್ಲ ಎಂದಾಯಿತು, ಎಂದು ಹೇಳಿ ತಣ್ಣನೆಯ ಗಾಳಿ ಪೋಲಾಗದಂತೆ ಬಾಗಿಲು ಹಾಕಿಕೊಂಡರು.

ಆ ವಾರವೇ ನಾಲ್ಕರವರು ನೆಂಟರ ಮದುವೆಗೆಂದು ಹೊರಟರು. ಅಜ್ಜಿಗೆ ಒಂದು ಪೊಟ್ಟಣ ಬ್ರೆಡ್ಡು, ಒಂದು ಜಗ್ಗು ನೀರು ಇಟ್ಟರು. ಹೊರಗಿನ ಗ್ರಿಲ್ಲಿಗೆ ಬೀಗ ಹಾಕಿದರು. ಕಳ್ಳರ ಕಾಲ, ಸುಮ್ಮನೆ ಬಿಟ್ಟು ಹೋಗುವಂತಿಲ್ಲ.

ಮರುದಿನ ಮಧ್ಯಾಹ್ನ ಐದರಕ್ಕ ಐಸಿನ ಡಬ್ಬಿ ಇಳಿಬಿಟ್ಟಳು. ಹಗ್ಗ ಅಲುಗಲಿಲ್ಲ. ಸ್ವಲ್ಪ ಹೊತ್ತು ನೋಡಿದಳು. ತಾನೇ ಅಲುಗಿಸಿದಳು. ಡಬ್ಬಿ ಅಜ್ಜಿಯ ಕಿಟಕಿಗೆ ಟಣ್ ಟಣ್ ಎಂದು ಬಡಿಯಿತು.

“ಅಜ್ಜೀ. ಏ ಅಜ್ಜೀ. ಬಯ್ಯೋದಾದ್ರೂ ಬಯ್ಯೇ.”

ಪೆಟ್ಟಿಗೆಗಳ ಮೊರೆತದ ಅಡಿಯಿಂದ ಏನೋ ಕೇಳಿಸಿತು. ಮಾತಲ್ಲ, ಗೊರಗೊರ ಸದ್ದು. ಅವಳು ಇಂಟರ್‌ಕಾಮಿನಲ್ಲಿ ವಾಚ್‌ಮನ್ನನನ್ನು ಕರೆದಳು. ಅವನು ಪಾಪದವನು. ನಾಲ್ಕರವರ ಫೋನು ಸ್ವಿಚ್ ಆಫ್, ಬೀಗ ಒಡೆಯಬೇಕೆಂದರೆ ಸೆಕ್ರೆಟರಿ ಸಾಹೇಬರು ಹೇಳಬೇಕು, ಅವರು ಮಲಗಿದ್ದಾರೆ, ಸಂಜೆಯವರೆಗೆ ಎಬ್ಬಿಸಕೂಡದು ಎಂದು ಆರ್ಡರಿದೆ ಎಂದ. ಎಬ್ಬಿಸು ಎಂದಳು. ಸ್ವಲ್ಪ ಹೊತ್ತಿಗೆ ಅವನೇ ಕರೆ ಮಾಡಿ, ಬೈಸಿಕೊಂಡ ದನಿಯಲ್ಲಿ, ಸ್ಟೋರ್ ರೂಮಿನಲ್ಲಿ ಯಾರೂ ಇಲ್ಲವಂತೆ ಕಣಕ್ಕ ಎಂದ.

ಅವಳು ಫೋನಿಟ್ಟು ತನ್ನ ಸ್ಟೋರ್ ರೂಮಿಗೆ ಓಡಿದಳು. ಮಂಚದಡಿಯಲ್ಲಿ ಎರಡು ರಗ್ಗುಗಳಿದ್ದವು, ಒಂದು ಅವಳದು, ಇನ್ನೊಂದು ಅಜ್ಜಿಯದು.

ತನ್ನ ರಗ್ಗನ್ನು ಬಕೆಟ್ಟಿನಲ್ಲಿ ಅದ್ದಿ, ಎರಡು ಮೂಲೆಗಳಿಗೆ ನೀರು ತುಂಬಿದ ಬಾಟಲಿ ಕಟ್ಟಿ, ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಎದುರು ಗೋಡೆಯ ಪೆಟ್ಟಿಗೆಯ ಮೇಲೆ ಎಸೆದಳು. ಗುರಿ ತಪ್ಪಿತು. ರಗ್ಗು ಬಾವಿಯ ತಳಕ್ಕೆ ಹೋಗಿ ದೊಪ್ಪನೆ ಬಿತ್ತು. ಅಜ್ಜಿಯ ರಗ್ಗನ್ನು ಅದ್ದಿದಳು. ಈ ಸಲ ಎಸೆಯಲಿಲ್ಲ, ತೂಗಿ ತೂಗಿ ಬಿಟ್ಟಳು. ಅದು ಪೆಟ್ಟಿಗೆಯ ನೆತ್ತಿಯ ಮೇಲೆ ಬಿತ್ತು, ಒಂದು ಬಾಟಲಿ ಹಿಂದಕ್ಕೂ ಒಂದು ಮುಂದಕ್ಕೂ ಇಳಿಯಿತು, ಹಿಂದಿನ ಭಾಗವನ್ನು ಪೆಟ್ಟಿಗೆ ತಾನೇ ಎಳೆದು ಮೂಗಿಗೆ ಅಂಟಿಸಿಕೊಂಡಿತು. ಸ್ವಲ್ಪ ಹೊತ್ತು ಗುರುಗುಟ್ಟಿ, ಒಮ್ಮೆ ನಡುಗಿ, ನಿಂತಿತು.

ಅದೊಂದು ನಿಂತರೆ ಏನಾದೀತು? ಮೇಲೆ ಕೆಳಗೆ ಹತ್ತಾರು ಪೆಟ್ಟಿಗೆಗಳು ಬೆಂಕಿ ಕಾರುತ್ತಿದ್ದವು. ಅವಳು ಬಾವಿಗೆ ಮುಖ ಕೊಟ್ಟು ಕೂಗಿದಳು.

“ಅಜ್ಜಿ ಸಾಯ್ತಾ ಅವ್ಳೆ ಕಣ್ರೇ. ಬೀಗ ಒಡೀರಿ ಅಂದ್ರೆ ಒಡೀತಾ ಇಲ್ಲ. ದಾನ ಕೊಟ್ಟಿದ್ದಾರಲ್ಲ ರಗ್ಗು, ಒದ್ದೆ ಮಾಡಿ ನಿಮ್ಮ ನಿಮ್ಮ ಪೆಟ್ಟಿಗೆ ಮೇಲೆ ಹಾಕ್ರಿ. ಹಿಂದೆ ಹಾಕ್ರಿ, ಹಿಂದೆ. ಅವ್ರಿಗೂ ಒಂದಿಷ್ಟು ಸೆಕೆಯಾಗ್ಲಿ.”

ಆರರವಳು ಕಿಟಕಿಗೆ ಬಂದದ್ದು ಗೊತ್ತಾಯಿತು. ಕೆಲಸ ಹೋಗುತ್ತೆ ಕಣೇ ಎಂದಳು. ಹೌದು ಹೋಗುತ್ತೆ ಎಂದಳು ಐದರಕ್ಕ. ಕೆಳಗಿನಿಂದ ಅದೇ ಗೊರಗೊರ ಸದ್ದು ಬಂತು, ಆರರವಳಿಗೂ ಕೇಳಿಸಿತು. ಅವಳು ಥೂ ಎಂದು ಉಗಿದಳು, ಯಾರಿಗೆ ಉಗಿದಳೋ ಗೊತ್ತಿಲ್ಲ, ಒಳಗೆ ಹೋದಳು. ನಲ್ಲಿಯ ಸದ್ದಾಯಿತು. ಆಮೇಲೆ ಒಂದು ಕೆಂಪು ರಗ್ಗು ನೀರು ಸುರಿಸುತ್ತ ಆರರ ಪೆಟ್ಟಿಗೆಯ ಮೇಲೆ ಬಿತ್ತು. ಏಳರಿಂದ ನೀಲಿ. ಮೇಲಿನಿಂದ ಇನ್ನೊಂದು, ಕೆಳಗೆ ಮೂರರಿಂದ ಇನ್ನೊಂದು. ಐದರಕ್ಕ ತನ್ನ ಕಿಟಕಿಯ ಕೆಳಗಿನ ಹಳೆಯ ಪೆಟ್ಟಿಗೆಗೆ ಚಾಪೆ ದಿಂಬು ತುರುಕಿದಳು. ಪೆಟ್ಟಿಗೆಗಳು ಒಂದೊಂದೇ ಉಸಿರುಗಟ್ಟಿ ನಿಂತವು. ಬಾವಿಯಲ್ಲಿ ಮೊದಲ ಸಲ ಸದ್ದಡಗಿತು. ರಗ್ಗುಗಳಿಂದ ನೀರು ತೊಟ್ಟಿಕ್ಕುವುದು ಮಾತ್ರ ಕೇಳುತ್ತಿತ್ತು. ಅವಳು ಸ್ಟೋರ್ ರೂಮಿನ ಚಿಲಕ ಹಾಕಿ, ಹಗ್ಗ ಹಿಡಿದು ಕಿಟಕಿಯಲ್ಲಿ ಕೂತಳು.

ಇನ್ನೇನು, ಕಟ್ಟಡಕ್ಕೆ ಎಚ್ಚರವಾಯಿತು. ಸೆಕೆಗೆ ಸಾಹೇಬರು ತಾವಾಗಿಯೇ ಎದ್ದರು, ಯಾರೂ ಎಬ್ಬಿಸಬೇಕಾಗಲಿಲ್ಲ. ಬಾಗಿಲುಗಳು ತೆರೆದವು, ಫೋನುಗಳು ಬಡಿದುಕೊಂಡವು, ಎಲ್ಲರೂ ಒಬ್ಬರನ್ನೊಬ್ಬರು ನಿಮ್ಮದೂ ನಿಂತಿದೆಯಾ ಎಂದು ಕೇಳಿಕೊಂಡರು. ಪಕ್ಕದ ಬ್ಲಾಕಿನಲ್ಲೇ ಕೆಲಸದಲ್ಲಿದ್ದ ತಮ್ಮನನ್ನು ಹಿಡಿದು ಎಳೆತಂದರು. ಅವನು ತಾರಸಿಯಿಂದ ಬಾವಿಯಲ್ಲಿ ಇಣುಕಿ ನೋಡಿ, ಅಮ್ಮಾವ್ರ ಹಿಂದೆ ಸ್ಟೋರ್ ರೂಮಿನ ಬಾಗಿಲಿಗೆ ಬಂದ. ಆ ಬಾಗಿಲಿನ ಮುಂದೆ ಅಮ್ಮಾವ್ರು ನಿಂತದ್ದು ಅದೇ ಮೊದಲು.

“ಬಾಗಿಲು ತೆಗಿಯೇ ಲೌಡಿ. ಬ್ಯಾಗೆಲ್ಲಾ ಹಾಳಾಗ್ತಾ ಇದೆ.”

“ನಾಲ್ಕರ ಬೀಗ ಒಡೀರಿ ಅಮ್ಮಾವ್ರೇ. ಅಜ್ಜೀನ ಆಸ್ಪತ್ರೆಗೆ ಹಾಕಿ. ಆಮೇಲೆ ತೆಗೀತೀವಿ.”

ತೆಗೀತೀನಿ ಎನ್ನಲಿಲ್ಲ, ತೆಗೀತೀವಿ ಎಂದಳು. ಅಮ್ಮಾವ್ರಿಗೆ ಅದು ಕೇಳಿಸಿತು. ಪೊಲೀಸರನ್ನು ಕರೆಯುತ್ತೇನೆಂದರು. ಸಂಬಳ ಜಾಸ್ತಿ ಮಾಡುತ್ತೇನೆಂದರು. ನಮ್ಮದೊಂದನ್ನಾದರೂ ತೆಗೆ, ಉಳಿದವರದು ಇರಲಿ ಎಂದರು. ಕೊನೆಗೆ ತಮ್ಮನ ಕಡೆ ತಿರುಗಿ, ಮೇಲಿನಿಂದ ಇಳಿದು ಅವನ್ನೆಲ್ಲ ಕಿತ್ತು ಬಿಸಾಕು ಎಂದು ಕಿರುಚಿದರು.

“ಬೆಲ್ಟ್ ಕೊಡಿ ಮೇಡಂ, ಇಳೀತೀನಿ” ಎಂದ ತಮ್ಮ. “ಬೆಲ್ಟ್ ಇಲ್ದೆ ಇಳಿಯಂಗಿಲ್ಲ ಅಂತ ಸೆಕ್ರೆಟರಿ ಸಾಹೇಬ್ರ ನೋಟಿಸಿದೆ.”

“ಬೆಲ್ಟಂತೆ ಬೆಲ್ಟು. ಹಾಗಾದ್ರೆ ಈ ಬಾಗಿಲು ಒಡಿ.”

ಅವನು ಬಾಗಿಲಿಗೆ ಬಾಯಿ ಹತ್ತಿರ ತಂದು, ಆದರೆ ಎಲ್ಲರಿಗೂ ಕೇಳುವ ಹಾಗೆ, ಹೇಳಿದ.

“ಅಕ್ಕಾ, ತೆಗೀಬೇಡ.”

ಅವಳಿಗೆ ಅಳು ಬಂತು. ಈ ಮನೆಯಲ್ಲಿ ಅವನು ಅವಳನ್ನು ಹಾಗೆ ಗಟ್ಟಿಯಾಗಿ ಕರೆದದ್ದೇ ಇರಲಿಲ್ಲ. ಅಮ್ಮಾವ್ರು “ಅಕ್ಕನಾ?” ಎಂದದ್ದು ಕೇಳಿಸಿತು. ಆಮೇಲೆ ಅವರ ಬಾಯಿಂದ ಬಂದ ಮಾತುಗಳನ್ನು ಬ್ಯಾಗುಗಳ ಕೋಣೆಯಲ್ಲಿ ಆಡಿದ್ದರೆ ಎಷ್ಟೋ ತೇವವಾಗುತ್ತಿತ್ತು.

ಕೆಳಗೆ ಸುತ್ತಿಗೆಯ ಸದ್ದು ಶುರುವಾಯಿತು. ಸೆಕೆ ತಡೆಯಲಾರದೆ ಸೆಕ್ರೆಟರಿಯವರೇ ಒಡೆಸುತ್ತಿದ್ದರು. ಗ್ರಿಲ್ಲು ಕಿರುಗುಟ್ಟಿತು, ಬಾಗಿಲು ತೆರೆಯಿತು, ಹೆಜ್ಜೆಗಳು ಒಳಗೆ ಬಂದವು. ಬಾವಿಯ ಕಿಟಕಿಗಳಲ್ಲೆಲ್ಲ ಹೆಂಗಸರು ಬಗ್ಗಿ ನಿಂತಿದ್ದರು. ಐದರಕ್ಕ ತಲೆಯೆತ್ತಿ ಆರರವಳ ಮುಖ ನೋಡಿದಳು. ದನಿ ಕೇಳಿ ಅಂದುಕೊಂಡಿದ್ದಕ್ಕಿಂತ ಚಿಕ್ಕವಳು, ಹಣೆಯ ತುಂಬ ಬೆವರುಸಾಲೆ.

ನಾಲ್ಕರ ಕಿಟಕಿಯಲ್ಲಿ ಒಂದು ತಲೆ ಹೊರಗೆ ಬಂತು. ಸೆಕ್ರೆಟರಿಯವರ ತಲೆ. ಅಂಗಿ ಮೈಗೆ ಅಂಟಿತ್ತು, ಗಲ್ಲದಿಂದ ಬೆವರು ಇಳಿಯುತ್ತಿತ್ತು. ಅವರು ಮೇಲೆ ನೋಡಿದರು, ಕೆಳಗೆ ನೋಡಿದರು. ಯಾರೂ ಇಲ್ಲದ ಸ್ಟೋರ್ ರೂಮುಗಳಿಂದ ಅಷ್ಟೊಂದು ಮುಖಗಳು ಅವರನ್ನು ನೋಡುತ್ತಿದ್ದವು.

“ಬೀಗ ಒಡೆದಾಯ್ತಲ್ಲ” ಎಂದರು. “ತೆಗೀರಿ ಈಗ ರಗ್ಗುಗಳನ್ನ.”

“ಅಜ್ಜಿ?” ಎಂದಳು ಐದರಕ್ಕ.

ಅವರು ಕರ್ಚೀಫು ತೆಗೆದು ಕತ್ತು ಒರೆಸಿಕೊಂಡರು. ಒಳಗೆ ತಿರುಗಿ ಯಾರಿಗೋ ಏನೋ ಹೇಳಿದರು. ಮತ್ತೆ ಹೊರಗೆ ಮುಖ ಹಾಕಿದರು.

“ಮೊದಲು ರಗ್ಗು ತೆಗೀರಿ. ಸೆಕೆ ತಡ್ಕೊಳ್ಳೋಕೆ ಆಗ್ತಾ ಇಲ್ಲ ಇಲ್ಲಿ.”

ಐಸು ಕರಗಿ ನೀರಾಗಿದ್ದ ಡಬ್ಬಿ ಅವರ ಕಿವಿಯ ಪಕ್ಕದಲ್ಲೇ ತೂಗುತ್ತಿತ್ತು, ಹಗ್ಗದ ತುದಿ ಐದರಕ್ಕನ ಮುಷ್ಟಿಯಲ್ಲಿತ್ತು. ಮೇಲೆ ಎಲ್ಲಿಂದಲೋ, ಬಹುಶಃ ಒಂಬತ್ತರಿಂದ, ಆವರೆಗೆ ಸುಮ್ಮನಿದ್ದ ಯಾವಳೋ ಒಬ್ಬಳು ತನ್ನ ರಗ್ಗನ್ನೂ ಒದ್ದೆ ಮಾಡಿ ಬಿಟ್ಟಳು. ಅದು ನೀರು ಸುರಿಸುತ್ತ ಕಿಟಕಿಗಳನ್ನು ದಾಟಿ ಬಂದು, ಸಾಹೇಬರ ತಲೆಯ ಮೇಲೆ ಬಿತ್ತು. ಅದರಡಿಯಿಂದ ಅವರು ಕೂಗುತ್ತಿದ್ದದ್ದು ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಐದರಕ್ಕ ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದು, ಅದು ಜಗ್ಗುವುದನ್ನೇ ಕಾಯುತ್ತ ಕೂತಳು.